ಮಾಗಿದ ದನಿಗೆ ಕಿವಿಗೊಟ್ಟವರು

ಹಾಡಿದವರ ಹೆಸರು ಚರಿತ್ರೆಯಲ್ಲಿ ಉಳಿಯುತ್ತದೆ. ಕೇಳಿದವರ ಹೆಸರು ಉಳಿಯುವುದಿಲ್ಲ. ಆದರೆ ಕೇಳುವವರಿಲ್ಲದೆ ಹಾಡು ಪೂರ್ಣವಾಗುವುದೂ ಇಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಈ ಗಡಿಸೀಮೆಯಲ್ಲಿ ಅಂತಹ ಕೇಳುಗರ ಒಂದು ತಲೆಮಾರು ಬಾಳಿ ಬದುಕಿತು. ಶಾಲಾ ಮಾಸ್ತರರು, ತಂಬಾಕಿನ ವಖಾರಿಯ ಗುಮಾಸ್ತರು, ಕಬ್ಬಿನ ರೈತರು, ರೈಲ್ವೆ ನೌಕರರು ಅದರಲ್ಲಿದ್ದರು. ಅವರಲ್ಲಿ ಉಳಿದಿರುವವರು ಇಂದು ಇಳಿವಯಸ್ಸಿನಲ್ಲಿದ್ದಾರೆ. ಸಂಗೀತದ ಮಾತು ತೆಗೆದರೆ ಅವರ ಮುಖ ಅರಳುತ್ತದೆ. ಅನೇಕ ಹೆಸರುಗಳು ಬಂದು ಹೋಗುತ್ತವೆ. ಒಂದು ಹೆಸರಿನ ಬಳಿ ಮಾತ್ರ ಮಾತು ತಾನಾಗಿ ನಿಧಾನವಾಗುತ್ತದೆ: ಗಂಗೂಬಾಯಿ ಹಾನಗಲ್.

ಅವರ ಯೌವನದ ಕಚೇರಿಗಳನ್ನು ಕೇಳಿದವರು ಈಗ ಇಲ್ಲವೆಂದೇ ಹೇಳಬೇಕು. ಇಂದಿನ ಹಿರಿಯರ ನೆನಪಿನಲ್ಲಿರುವುದು ಅರವತ್ತು, ಎಪ್ಪತ್ತು, ಎಂಬತ್ತು ದಾಟಿದ ಗಂಗೂಬಾಯಿ. ಮುಪ್ಪಡರಿದ ಮಹಾನ್ ಗಾಯಕಿಯೊಬ್ಬರನ್ನು ಕಣ್ಣಾರೆ ಕಂಡು ಕಿವಿಯಾರೆ ಕೇಳಿದ ಈ ಅನುಭವ ಎಂತಹುದು? ಅದರಲ್ಲಿ ನಮ್ಮ ಕುಟುಂಬಗಳಿಗೆ ಕಲಿಯುವುದೇನಾದರೂ ಇದೆಯೇ? ಈ ವಾರದ ಚಿಂತನೆ ಇದು.

ಹಾದಿಯಲ್ಲಿ ಸಿಗುವ ಊರುಗಳು

ನಮ್ಮ ಸೀಮೆಗೆ ಈ ಸಂಗೀತ ಬಂದದ್ದು ಎರಡು ದಿಕ್ಕುಗಳಿಂದ. ಕಾಗವಾಡ ದಾಟಿದರೆ ಮಿರಜ. ಕಿರಾಣಾ ಘರಾಣೆಯ ಮಹಾಗಾಯಕ ಉಸ್ತಾದ್ ಅಬ್ದುಲ್ ಕರೀಮ್ ಖಾನರು ನೆಲೆಸಿದ ಊರು ಅದು. 1937ರಲ್ಲಿ ದಕ್ಷಿಣದ ಪ್ರವಾಸದಲ್ಲಿ ತೀರಿಕೊಂಡ ಅವರ ಸಮಾಧಿ ಮಿರಜದ ಮೀರಾಸಾಹೇಬ ದರ್ಗಾದ ಆವರಣದಲ್ಲಿದೆ. ಪ್ರತಿವರ್ಷ ಉರುಸಿನ ಸಂದರ್ಭದಲ್ಲಿ ಗಾಯಕರು ಅಲ್ಲಿಗೆ ಬಂದು ಹಾಡಿ ಗೌರವ ಸಲ್ಲಿಸುವುದು ಸಂಪ್ರದಾಯ. ತಂಬೂರಿ, ಸಿತಾರಗಳ ತಯಾರಿಕೆಗೂ ಮಿರಜ ಹೆಸರಾಗಿದೆ. 2024ರಲ್ಲಿ ಅಲ್ಲಿನ ವಾದ್ಯಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರಕಿತು.

ಇನ್ನೊಂದು ದಿಕ್ಕು ಹುಬ್ಬಳ್ಳಿ-ಧಾರವಾಡ. ಅಬ್ದುಲ್ ಕರೀಮ್ ಖಾನರ ಶಿಷ್ಯ ಸವಾಯಿ ಗಂಧರ್ವರು ಕುಂದಗೋಳದವರು. ಅವರ ಶಿಷ್ಯರು ಗಂಗೂಬಾಯಿ ಹಾನಗಲ್ ಹಾಗೂ ಭೀಮಸೇನ ಜೋಶಿ. ಗುರುವಿನ ನೆನಪಿನಲ್ಲಿ 1953ರಲ್ಲಿ ಪುಣೆಯಲ್ಲಿ ಆರಂಭವಾದ ಸವಾಯಿ ಗಂಧರ್ವ ಉತ್ಸವಕ್ಕೆ ಧಾರವಾಡ ಸೀಮೆಯ ಕಲಾವಿದರು ರೈಲಿನಲ್ಲಿ ಹೊರಟರೆಂದರೆ ಚಿಕ್ಕೋಡಿ ರೋಡ್, ರಾಯಬಾಗ, ಕುಡಚಿ, ಉಗಾರ, ಶೇಡಬಾಳಗಳನ್ನು ದಾಟಿಯೇ ಮಿರಜ ಸೇರಬೇಕು. ಹೀಗೆ ನಮ್ಮ ಊರುಗಳು ದೊಡ್ಡ ಸಂಗೀತ ಕೇಂದ್ರಗಳಾಗದಿದ್ದರೂ, ಕೇಂದ್ರದಿಂದ ಕೇಂದ್ರಕ್ಕೆ ಹೋಗುವ ಹಾದಿಯಲ್ಲಿದ್ದವು. ಡಿಸೆಂಬರಿನ ಚಳಿಯಲ್ಲಿ ಬುತ್ತಿ, ಕಂಬಳಿ ಕಟ್ಟಿಕೊಂಡು ಪುಣೆಗೆ ಹೋಗಿ, ಬಯಲಲ್ಲಿ ರಾತ್ರಿಯಿಡೀ ಕುಳಿತು ಕೇಳಿ, ಮರುದಿನದ ಗಾಡಿಗೆ ಮರಳುತ್ತಿದ್ದ ರಸಿಕರು ಇಲ್ಲಿದ್ದರು. ಹೋಗಲಾಗದವರಿಗೆ ಧಾರವಾಡ ಆಕಾಶವಾಣಿ ಇತ್ತು. 1950ರ ಜನವರಿ 8ರಂದು ಆರಂಭವಾದ ಆ ಕೇಂದ್ರವು ಸಂಗೀತವನ್ನು ವಾಡೆಗಳಿಂದ ಬಿಡಿಸಿ ಸಾಮಾನ್ಯರ ಪಡಸಾಲೆಗೆ ತಂದಿತು.

ಅಳುಕಿನಿಂದ ಆರಂಭವಾದ ಹಾಡು

1913ರ ಮಾರ್ಚ್ 5ರಂದು ಧಾರವಾಡದಲ್ಲಿ ಜನಿಸಿದ ಗಂಗೂಬಾಯಿಯವರಿಗೆ ನಮ್ಮ ಜಿಲ್ಲೆಯೊಂದಿಗೆ ಒಂದು ವಿಶೇಷ ನಂಟಿದೆ. 1924ರ ಡಿಸೆಂಬರಿನಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಸ್ವಾಗತಗೀತೆ ಹಾಡಿದ ಬಾಲಕಿಯರಲ್ಲಿ ಹನ್ನೊಂದು ವರ್ಷದ ಗಂಗೂಬಾಯಿಯೂ ಒಬ್ಬರು. ಹಾಡುವ ಸಂತೋಷದ ಜೊತೆಗೆ ಆ ಬಾಲಕಿಯ ಮನದಲ್ಲಿ ಒಂದು ಅಳುಕೂ ಇತ್ತು. ಊಟದ ಪಂಕ್ತಿಯಲ್ಲಿ ಜಾತಿಯ ಕಾರಣಕ್ಕೆ ತನ್ನನ್ನು ಬೇರೆಯಾಗಿ ಕಂಡರೆ ಹೇಗೆ ಎಂಬ ಆ ಅಳುಕನ್ನು ಅವರು ಮುಂದೆ ತಾವೇ ನೆನಪಿಸಿಕೊಂಡಿದ್ದಾರೆ. ದೇಶದ ಸ್ವಾತಂತ್ರ್ಯಕ್ಕಾಗಿ ನೆರೆದ ಸಭೆಯಲ್ಲಿಯೂ ಒಂದು ಎಳೆಯ ಜೀವ ಹೀಗೆ ಅಂಜಬೇಕಾಯಿತು ಎಂಬುದು ನಾವು ಮರೆಯಬಾರದ ಸಂಗತಿ.

ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದ ಗಾಯಕಿ. ಮಗಳಿಗೆ ಹಿಂದುಸ್ತಾನಿ ಸಂಗೀತದ ಶಿಕ್ಷಣ ದೊರೆಯಲೆಂದು 1928ರಲ್ಲಿ ಕುಟುಂಬವು ಹುಬ್ಬಳ್ಳಿಗೆ ಬಂತು. ಮುಂದೆ ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಪಾಠ ಹೇಳಿಸಿಕೊಂಡರು. ಹಾಡುವ ಹೆಣ್ಣುಮಕ್ಕಳನ್ನು ಸಮಾಜ ಹಗುರವಾಗಿ ಕಾಣುತ್ತಿದ್ದ ಕಾಲವದು. ಆ ಮಾತುಗಳಿಗೆ ಅವರು ಬಾಯಿಂದ ಉತ್ತರ ಕೊಡಲಿಲ್ಲ; ದಶಕಗಳ ಸಾಧನೆಯಿಂದ ಕೊಟ್ಟರು.

ಸಾಧನೆಯ ನಡುವೆ ದೊಡ್ಡದೊಂದು ಪೆಟ್ಟೂ ಬಿತ್ತು. 1930ರ ದಶಕದ ಅವರ ಧ್ವನಿಮುದ್ರಿಕೆಗಳಲ್ಲಿ ಕೇಳುವುದು ತೆಳುವಾದ, ಎತ್ತರದ ಹೆಣ್ಣುದನಿ. ಆ ಬಳಿಕ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ದನಿ ತಗ್ಗಿತು, ದಪ್ಪವಾಯಿತು, ಗಂಡಸಿನ ದನಿಯಂತಾಯಿತು. ಗಾಯಕಿಗೆ ಇದಕ್ಕಿಂತ ಮಿಗಿಲಾದ ಆಘಾತವುಂಟೇ? ಆದರೆ ಅವರು ಕಳೆದುಹೋದ ದನಿಯನ್ನು ಹುಡುಕುತ್ತ ಕೂರಲಿಲ್ಲ. ಉಳಿದ ದನಿ ಏನನ್ನು ಹಾಡಬಲ್ಲದು ಎಂಬುದನ್ನು ಹುಡುಕಿದರು. ಕಿರಾಣಾ ಪದ್ಧತಿಯಲ್ಲಿ ರಾಗವನ್ನು ಅವಸರವಿಲ್ಲದೆ, ಸ್ವರದ ಪಕ್ಕಕ್ಕೆ ಸ್ವರವನ್ನಿಟ್ಟು ಬೆಳೆಸುತ್ತಾರೆ. ಆ ಗಂಭೀರ ದನಿಗೆ ಈ ನಿಧಾನ ಹೊಂದಿಕೊಂಡಿತು. ಠುಮ್ರಿ ಮುಂತಾದ ಲಘು ಪ್ರಕಾರಗಳನ್ನು ಬಿಟ್ಟು ಅವರು ಖ್ಯಾಲ ಗಾಯನದಲ್ಲಿಯೇ ನಿಂತರು. ನಮ್ಮ ಹಿರಿಯರು ಪ್ರೀತಿಸಿದ್ದು ಈ ಎರಡನೆಯ ದನಿಯನ್ನು.

ಇಬ್ಬರು ಅಭಿಮಾನಿಗಳು

ಈಗ ಮುಖ್ಯ ಪ್ರಶ್ನೆಗೆ ಬರೋಣ. ಕಲಾವಿದರಿಗೆ ವಯಸ್ಸಾದಾಗ ಅಭಿಮಾನಿಗಳು ಅವರನ್ನು ಕೇಳಲು ಹೋಗಬೇಕೇ, ಬೇಡವೇ? ಈ ಭಾಗದ ಇಬ್ಬರು ಹಿರಿಯ ರಸಿಕರಲ್ಲಿ ಈ ಕುರಿತು ಎರಡು ನಿಲುವುಗಳನ್ನು ಕಂಡೆ. ಇಬ್ಬರೂ ನಿವೃತ್ತ ಶಿಕ್ಷಕರು, ಒಬ್ಬರು ಅಥಣಿಯ ಕಡೆಯವರು, ಇನ್ನೊಬ್ಬರು ರಾಯಬಾಗದ ಕಡೆಯವರು.

ಅಥಣಿಯ ಮಾಸ್ತರರು ಗಂಗೂಬಾಯಿಯವರ ಕೊನೆಯ ವರ್ಷಗಳ ಕಚೇರಿಗಳಿಗೆ ಬೇಕೆಂದೇ ಹೋಗಲಿಲ್ಲ. ತಾವು ನಡುವಯಸ್ಸಿನಲ್ಲಿ ಕೇಳಿದ ಆ ಮೇಘಗಂಭೀರ ನಾದ ಮನಸ್ಸಿನಲ್ಲಿ ಅಚ್ಚೊತ್ತಿದೆ. ಅದರ ಮೇಲೆ ನಡುಗುವ ದನಿಯ ಇನ್ನೊಂದು ಅಚ್ಚು ಬೀಳುವುದು ಬೇಡ ಎಂಬುದು ಅವರ ಮಾತು. ಅದರಲ್ಲಿ ಇನ್ನೊಂದು ಕಳಕಳಿಯೂ ಇತ್ತು. ಸನ್ಮಾನ, ಶಾಲು, ಹಾರಗಳ ಹೆಸರಿನಲ್ಲಿ ದಣಿದ ಜೀವವನ್ನು ವೇದಿಕೆಗೆ ಕರೆತಂದು ಹಾಡಿಸುವುದು ಪ್ರೀತಿಯೋ, ನಮ್ಮ ಆಸೆಬುರುಕತನವೋ ಎಂದು ಅವರು ಕೇಳಿದರು. ಸುಲಭವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ ಇದು.

ರಾಯಬಾಗದ ಮಾಸ್ತರರು ಹೋಗಿ ಕೇಳಿದರು. ಆರಂಭದಲ್ಲಿ ದನಿ ಕೂರಲು ಸಮಯ ಬೇಕಾಯಿತು, ಉಸಿರು ಮೊದಲಿನಷ್ಟು ಉದ್ದ ನಿಲ್ಲುತ್ತಿರಲಿಲ್ಲ ಎಂದು ಅವರು ಮುಚ್ಚಿಡದೆ ಹೇಳುತ್ತಾರೆ. ಆದರೆ ಷಡ್ಜ ಕೂಡಿದ ಗಳಿಗೆಯಲ್ಲಿ ಸಭೆಯ ಕೆಮ್ಮು, ಪಿಸುಮಾತು ನಿಂತುಹೋದದ್ದು ಅವರಿಗೆ ಇಂದಿಗೂ ನೆನಪಿದೆ. ಮೊದಲು ತಾವು ದನಿಯ ಬಲವನ್ನು ಕೇಳುತ್ತಿದ್ದೆವು, ಅಂದು ರಾಗವನ್ನು ಕೇಳಿದೆವು ಎಂಬುದು ಅವರ ಅನಿಸಿಕೆ. ಎಲ್ಲಿ ನಿಲ್ಲಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕ ಆ ವಯಸ್ಸಿಗೇ ದಕ್ಕುವಂತಹುದು ಎಂದು ಅವರು ನಂಬುತ್ತಾರೆ.

ಶರೀರಶಾಸ್ತ್ರವೂ ಈ ಮಾತನ್ನು ಅಲ್ಲಗಳೆಯುವುದಿಲ್ಲ. ವಯಸ್ಸಾದಂತೆ ಶ್ವಾಸಕೋಶದ ಹಿಗ್ಗುವ ಕುಗ್ಗುವ ಶಕ್ತಿ ಕಡಿಮೆಯಾಗುತ್ತದೆ, ಗಂಟಲಿನ ಮೃದ್ವಸ್ಥಿಗಳು ಗಡುಸಾಗುತ್ತವೆ, ಎತ್ತರದ ಸ್ವರಗಳು ಕೈತಪ್ಪುತ್ತವೆ. ಆದರೆ ಜೀವಮಾನದ ಅಭ್ಯಾಸದಿಂದ ಬಂದ ಸ್ವರಜ್ಞಾನವು ಗಂಟಲಿನೊಂದಿಗೇ ಮುಪ್ಪಾಗಬೇಕೆಂದಿಲ್ಲ. ತಂಬೂರಿಯ ಬುರುಡೆಯನ್ನೇ ನೋಡಿ: ಹಸಿಯಿದ್ದಾಗ ಅದು ನಾದ ಕೊಡದು; ತಿರುಳು ತೆಗೆದು, ಒಣಗಿಸಿ, ಟೊಳ್ಳಾದ ಮೇಲೆಯೇ ಅದರಿಂದ ನಾದ ಹೊಮ್ಮುವುದು.

ಗಂಗೂಬಾಯಿಯವರ ಬೆನ್ನ ಹಿಂದೆ ಕುಳಿತು ಸಹಗಾಯನ ಮಾಡುತ್ತಿದ್ದವರು ಮಗಳು ಕೃಷ್ಣಾ ಹಾನಗಲ್. ತಾಯಿಯ ದನಿ ನಿಂತಲ್ಲಿ ಮಗಳ ದನಿ ಎತ್ತಿಕೊಳ್ಳುತ್ತಿತ್ತು. ಆ ಜೋಡಿಯನ್ನು ನೋಡಿದವರು ಮರೆಯಲಾರರು. 2004ರಲ್ಲಿ ಮಗಳೇ ಮೊದಲು ಹೊರಟುಹೋದರು. ತಾಯಿ ಅದಾಗಲೇ ಅಸ್ಥಿಮಜ್ಜೆಯ ಕ್ಯಾನ್ಸರನ್ನು ಎದುರಿಸಿ ಎದ್ದವರು. ಅಷ್ಟಾದರೂ 2006ರ ಮಾರ್ಚಿನಲ್ಲಿ, ತಮ್ಮ 93ನೆಯ ವಯಸ್ಸಿನಲ್ಲಿ, ಸಂಗೀತ ಜೀವನದ 75 ವರ್ಷಗಳ ನೆನಪಿಗೆ ಅವರು ಹಾಡಿದರು. ಅದೇ ಅವರ ಕೊನೆಯ ಕಚೇರಿ. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ಅವರು ಕಣ್ಮುಚ್ಚಿದರು. ಬೆಳಗಾವಿಯಲ್ಲಿ ಅಳುಕುತ್ತ ಹಾಡಿದ ಬಾಲಕಿಗೂ ಆ ಕೊನೆಯ ಕಚೇರಿಗೂ ನಡುವೆ 81 ವರ್ಷಗಳು ಕಳೆದಿದ್ದವು.

ನೋಡಲು ಹೋದವರು, ಕೇಳಲು ಹೋದವರು

ಇಬ್ಬರು ಮಾಸ್ತರರಲ್ಲಿ ಯಾರ ನಿಲುವು ಸರಿ? ನನಗೆ ತೋರುವುದಿಷ್ಟು. ಮುಪ್ಪಿನ ಕಲಾವಿದರ ಮುಂದೆ ಎರಡು ಬಗೆಯ ಜನ ಕೂರುತ್ತಾರೆ. ಒಂದು ಬಗೆಯವರು ನೋಡಲು ಬಂದವರು. ಅವರಿಗೆ ಎದುರಿಗಿರುವುದು ಒಂದು ಹೆಸರು, ಒಂದು ಪ್ರಶಸ್ತಿ, ನಾಳೆ ಹೇಳಿಕೊಳ್ಳಲು ಒಂದು ಸಂಗತಿ. ಹಾಡು ಹೇಗಿದ್ದರೂ ಅವರಿಗೆ ಬೇಸರವಿಲ್ಲ, ಏಕೆಂದರೆ ಅವರು ಹಾಡಿಗಾಗಿ ಬಂದವರೇ ಅಲ್ಲ. ಅಥಣಿಯ ಮಾಸ್ತರರ ಕೋಪ ಇಂತಹವರ ಮೇಲೆ, ಮತ್ತು ಅದು ನ್ಯಾಯವಾದುದು. ಇನ್ನೊಂದು ಬಗೆಯವರು ಕೇಳಲು ಬಂದವರು. ಅವರು ಹೋದ ದನಿಗಾಗಿ ಮರುಗುತ್ತ ಕೂರುವುದಿಲ್ಲ, ಇರುವ ದನಿಗೆ ಸುಮ್ಮನೆ ಹೊಗಳಿಕೆಯ ದಾನವನ್ನೂ ನೀಡುವುದಿಲ್ಲ. ಇಂದು, ಈಗ, ಈ ಮನುಷ್ಯ ಹೇಳುತ್ತಿರುವುದೇನು ಎಂದು ಕಿವಿಗೊಡುತ್ತಾರೆ. ಗೌರವವೆಂದರೆ ಇದು. ಶಾಲು ಹೊದಿಸುವುದು ಸುಲಭ, ಕಿವಿಗೊಡುವುದು ಕಷ್ಟ.

ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯ ಗ್ರಂಥದ 11ನೆಯ ಭಾಗದಲ್ಲಿ ಕಾಲವೆಂದರೇನೆಂದು ವಿಚಾರಿಸುವಾಗ ಹಾಡಿನ ಉದಾಹರಣೆಯನ್ನೇ ಕೊಡುತ್ತಾರೆ. ತಿಳಿದ ಕೀರ್ತನೆಯೊಂದನ್ನು ಹಾಡತೊಡಗಿದಾಗ ಮನಸ್ಸಿನಲ್ಲಿರುವುದು ಬರಲಿರುವುದರ ನಿರೀಕ್ಷೆ. ಹಾಡು ಸಾಗಿದಂತೆ ನಿರೀಕ್ಷೆ ಕುಗ್ಗಿ ನೆನಪು ಹಿಗ್ಗುತ್ತದೆ. ಮನುಷ್ಯನ ಇಡೀ ಬಾಳೂ ಹಾಗೆಯೇ ಎಂಬುದು ಅವರ ವಿಚಾರ. ಹಾಗೆ ನೋಡಿದರೆ ತೊಂಬತ್ತು ದಾಟಿದವರ ಹಾಡಿನಲ್ಲಿ ನಿರೀಕ್ಷೆ ಅತ್ಯಲ್ಪ, ನೆನಪು ಅಪಾರ. ಅವರು ಒಂದು ಸ್ವರದ ಮೇಲೆ ನಿಂತರೆ ಎಂಟು ದಶಕಗಳು ಅದರ ಮೇಲೆ ನಿಂತಂತೆ. ಅದನ್ನು ಕೇಳಲು ಕೇಳುಗನಿಗೂ ಸ್ವಲ್ಪ ತಾಳ್ಮೆ ಬೇಕು.

ಧಾರವಾಡದ ಪಂಡಿತ ಮಲ್ಲಿಕಾರ್ಜುನ ಮನ್ಸೂರರ ಬಾಳೂ ಇದಕ್ಕೆ ಸಾಕ್ಷಿ. ರಾಷ್ಟ್ರಮಟ್ಟದ ದೊಡ್ಡ ಮನ್ನಣೆಗಳು ಅವರಿಗೆ ದೊರೆತದ್ದು ಅರವತ್ತರ ಆಸುಪಾಸಿನಿಂದ ಮುಂದೆ. ಪದ್ಮವಿಭೂಷಣ ಬಂದದ್ದು 1992ರಲ್ಲಿ, ಅವರು ತೀರಿಕೊಂಡ ವರ್ಷದಲ್ಲಿಯೇ. ಯೌವನವನ್ನಷ್ಟೇ ಕೇಳುವ ಸಮಾಜವಾಗಿದ್ದರೆ ನಾವು ಮನ್ಸೂರರನ್ನೇ ಕಳೆದುಕೊಳ್ಳುತ್ತಿದ್ದೆವು.

ನಮ್ಮ ಮನೆಯ ದನಿಗಳು

ಕಾಲ ಬದಲಾಗಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಬಳಿಕ ರಾತ್ರಿ ಹತ್ತರ ಮೇಲೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧ ಬಂದು, ಬೆಳಗಿನವರೆಗಿನ ಬಯಲು ಕಚೇರಿಗಳು ವಿರಳವಾದವು. ಗಂಗೂಬಾಯಿಯವರ ಗಾಯನ ಇಂದು ಅಂಗೈಯ ಫೋನಿನಲ್ಲಿಯೇ ಸಿಗುತ್ತದೆ. ಅದು ಒಳ್ಳೆಯದೇ. ಆದರೆ ಮುದ್ರಿಕೆಯಲ್ಲಿ ದನಿಯಿದೆ. ಪಕ್ಕದಲ್ಲಿ ಕುಳಿತಿದ್ದ ಅಪರಿಚಿತನ ನಿಟ್ಟುಸಿರು, ಮುಂಜಾವಿನ ಚಳಿ, ಮರಳುವ ಗಾಡಿಯಲ್ಲಿನ ಮೌನ ಅದರಲ್ಲಿಲ್ಲ. ಅವೆಲ್ಲ ಇರುವುದು ಆ ಕೇಳುಗರ ನೆನಪಿನಲ್ಲಿ, ಮತ್ತು ಆ ಕೇಳುಗರು ಒಬ್ಬೊಬ್ಬರಾಗಿ ನಮ್ಮನ್ನು ಅಗಲುತ್ತಿದ್ದಾರೆ.

ಆದುದರಿಂದ ಪ್ರಿಯ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ ಅಜ್ಜನೋ ಅಜ್ಜಿಯೋ ಇದ್ದರೆ ಈ ಭಾನುವಾರ ಅರ್ಧ ಗಂಟೆ ಅವರ ಬಳಿ ಕುಳಿತುಕೊಳ್ಳಿ. ಯಾರ ಹಾಡು ಕೇಳಿದಿರಿ, ಎಲ್ಲಿ ಕೇಳಿದಿರಿ, ಯಾರೊಡನೆ ಹೋಗಿದ್ದಿರಿ ಎಂದು ವಿಚಾರಿಸಿ, ಹೇಳಿದ್ದನ್ನು ಬರೆದಿಟ್ಟುಕೊಳ್ಳಿ. ಮಾತು ತಡವರಿಸಬಹುದು, ಹೇಳಿದ್ದನ್ನೇ ಮತ್ತೆ ಹೇಳಬಹುದು, ಹೆಸರು ಮರೆತುಹೋಗಬಹುದು. ಅವಸರಪಡಿಸಬೇಡಿ. ದನಿ ಕೂರಲು ಸ್ವಲ್ಪ ಸಮಯ ಬೇಕು, ಅಷ್ಟೆ.

ಹಬ್ಬದ ದಿನ ಹಿರಿಯರನ್ನು ನಡುವೆ ಕೂರಿಸಿ ಫೋಟೋ ತೆಗೆಸಿಕೊಳ್ಳುತ್ತೇವೆ. ಅದು ನೋಡುವುದಾಯಿತು. ಅವರ ಮಾತನ್ನು ಕೇಳುವುದು ಇನ್ನೂ ಬಾಕಿಯಿದೆ.