ಕರಿಯ ಕುರಿಯ ಪದ್ಯ: ಅದರ ಮೂಲವೂ ಅರ್ಥವೂ

‘ಬಾ ಬಾ ಬ್ಲ್ಯಾಕ್ ಶೀಪ್’ ಎಂಬ ಆಂಗ್ಲ ಶಿಶುಗೀತವನ್ನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೆ ನೆನಪಿಸಬೇಕಾದುದಿಲ್ಲ. ಉಣ್ಣೆಯುಂಟೇ ಎಂದು ಕೇಳಿದಾಗ ಕರಿಯ ಕುರಿಯು ಮೂರು ಚೀಲಗಳುಂಟೆಂದು ಹೇಳಿ, ಯಜಮಾನನಿಗೂ ಯಜಮಾನಿಗೂ ಓಣಿಯ ಚಿಕ್ಕ ಹುಡುಗನಿಗೂ ಒಂದೊಂದನ್ನು ಹಂಚುವುದೇ ಅದರ ವಿಷಯವು. ಮೊದಲಿನ ಎರಡು ಶಬ್ದಗಳು ಕುರಿಯ ಕೂಗಿನ ಅನುಕರಣವು. ಯಾದಗಿರಿ, ಶಹಾಪುರ, ಸುರಪುರಗಳ ನಮ್ಮ ಮಕ್ಕಳಾದರೋ ಕುರಿಯನ್ನು ‘ಬಾ, ಬಾ’ ಎಂದು ಕರೆಯುವ ಮಾತೆಂದೇ ತಿಳಿಯುವರು. ಅರ್ಥವು ತಪ್ಪಾದರೂ ಮೂಲಕ್ಕಿಂತ ಸೊಗಸಾಗಿದೆಯೆಂದು ನಮಗೆ ತೋರುತ್ತದೆ.

ಗೀತವು ಮೊದಲು ಅಚ್ಚಾದದ್ದು 1744ರ ಸುಮಾರಿಗೆ, ಲಂಡನ್ನಿನಲ್ಲಿ. ಇದು ಉಣ್ಣೆಯ ತೆರಿಗೆಯನ್ನು ಕುರಿತ ಅಸಮಾಧಾನವೆಂದು 1930ರಲ್ಲಿ ಕ್ಯಾಥರಿನ್ ಎಲ್ವೆಸ್ ಥಾಮಸ್ ಎಂಬ ಲೇಖಕಿಯು ಸೂಚಿಸಿದರು. ಅರಸನಾದ ಒಂದನೆಯ ಎಡ್ವರ್ಡನ ಕಾಲದಲ್ಲಿ, 1275ರಲ್ಲಿ, ಉಣ್ಣೆಯ ಮೇಲೆ ಸುಂಕವು ವಿಧಿಸಲ್ಪಟ್ಟದ್ದು ನಿಜವೇ. ಆದರೆ ಆ ಸುಂಕಕ್ಕೂ ಪದ್ಯದ ಮೊದಲ ಅಚ್ಚಿಗೂ ಸುಮಾರು 470 ವರ್ಷಗಳ ಅಂತರವಿರುವುದರಿಂದ, ಈ ಊಹೆಯನ್ನು ಚರಿತ್ರೆಯೆಂದು ಬಾಲಕಿಯರಿಗೆ ಉರುಹೊಡೆಸುವುದು ನಮಗೆ ಸಮ್ಮತವಲ್ಲ. ಹಾಡುವ ರಾಗವಂತೂ ಫ್ರಾನ್ಸಿನದು, 1761ರಲ್ಲಿ ಅಚ್ಚಾಯಿತು.

ಅದಕ್ಕಿಂತ ವಿಚಾರಿಸತಕ್ಕ ಸಂಗತಿಯು ಕುರಿಯ ಬಣ್ಣವು. ಕಪ್ಪು ಉಣ್ಣೆಗೆ ಬೇರೆ ಬಣ್ಣ ಹತ್ತದ ಕಾರಣ ಇಂಗ್ಲೆಂಡಿನಲ್ಲಿ ಅದಕ್ಕೆ ಬೆಲೆ ಕಡಿಮೆ. ನಮ್ಮ ಸೀಮೆಯಲ್ಲಿ ಕರಿಯ ಉಣ್ಣೆಯೇ ಕಂಬಳಿಗೆ ಬೇಕಾದದ್ದು, ಯಾಕಂದರೆ ಬಣ್ಣ ಹಾಕುವ ಗೋಜೇ ಇಲ್ಲ. ಕುರುಬರ ಮನೆಗಳಲ್ಲಿ ಹೆಂಗಸರು ನೂಲುವರು, ಗಂಡಸರು ಮಗ್ಗದಲ್ಲಿ ನೇಯುವರು. ಹಾಸುನೂಲಿಗೆ ಹುಣಸೆಬೀಜದ ಗಂಜಿಯನ್ನು ಹಚ್ಚುವರು. ಅಂಥ ಮನೆಯ ಬಾಲಕಿಯು ತರಗತಿಯಲ್ಲಿದ್ದರೆ ಈ ಪದ್ಯಕ್ಕೆ ಉಪಾಧ್ಯಾಯಿನಿಯ ವಿವರಣೆಯೇ ಬೇಡ.

ಹದಿನೆಂಟನೆಯ ಶತಮಾನದ ಇನ್ನೊಂದು ಪಾಠದಲ್ಲಿ ಓಣಿಯ ಹುಡುಗನು ಅಳುತ್ತಾನೆ, ಅವನಿಗೆ ಉಣ್ಣೆಯೇ ಸಿಕ್ಕುವುದಿಲ್ಲ. ನೂಲುವವಳ ಪಾಲನ್ನಂತೂ ಯಾವ ಪಾಠವೂ ಹೇಳದು. ಇದನ್ನು ಕಲಿಸುವಾಗಲೆಲ್ಲ, ಹಿಂಡುಗಳು ಮೇವು ನೀರನ್ನರಸಿ ದೂರ ಹೊರಟ ತಿಂಗಳುಗಳಲ್ಲಿ ಬರಿದಾಗುವ ಒಂದೆರಡು ಮಣೆಗಳ ಕಡೆಗೆ ನಮ್ಮ ಕಣ್ಣು ಹೋಗುತ್ತದೆ. ಹಿಂಡಿನೊಡನೆ ಹೋಗುವ ಪಾಲಕರಲ್ಲಿ ನಮ್ಮ ಬಿನ್ನಹವೇನಂದರೆ, ವಾರ್ಷಿಕ ಪರೀಕ್ಷೆ ಮುಗಿಯುವ ತನಕ ಮಗಳನ್ನು ಅಜ್ಜಿಯ ಬಳಿಯಲ್ಲಾದರೂ ಊರಲ್ಲಿ ಬಿಟ್ಟುಹೋಗಿರಿ. ಅದೂ ಆಗದಿದ್ದರೆ ಹೊರಡುವ ಮುಂಚೆ ಒಮ್ಮೆ ಶಾಲೆಗೆ ಬಂದು ನಮ್ಮೊಡನೆ ಮಾತಾಡಿರಿ.