ಭಯವೂ ಬಳುವಳಿಯೇ?

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆ ನಮ್ಮಲ್ಲಿದೆ. ಸದಾ ಏನೋ ಕೆಡುಕಾದೀತೆಂದು ತಳಮಳಿಸುವ ತಾಯಿಯ ಮಗಳೂ ಹಾಗೆಯೇ ಆದರೆ ಮನೆಮಂದಿ ಈ ಗಾದೆಯನ್ನೇ ನೆನೆಯುತ್ತಾರೆ. ಆದರೆ ಮಗಳ ಅಳುಕು ಹುಟ್ಟಿನಿಂದ ಬಂದದ್ದೋ, ತಾಯಿಯನ್ನು ನೋಡಿ ಕಲಿತದ್ದೋ?

ಇದನ್ನು ಬಿಡಿಸಲು ವಿಜ್ಞಾನಿಗಳಿಗೆ ನೆರವಾದವರು ಅವಳಿಗಳು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ವಂಶವಾಹಿಗಳು ಹೆಚ್ಚುಕಡಿಮೆ ಒಂದೇ. ಎರಡು ಅಂಡಗಳಿಂದ ಹುಟ್ಟಿದವರ ಹೋಲಿಕೆ ಉಳಿದ ಒಡಹುಟ್ಟಿದವರಷ್ಟೇ. ಮೊದಲ ಬಗೆಯ ಜೋಡಿಗಳಲ್ಲಿ ಕಾಯಿಲೆ ಇಬ್ಬರಿಗೂ ಬರುವುದು ಹೆಚ್ಚಾಗಿದ್ದರೆ ಅದು ವಂಶವಾಹಿಗಳ ಸುಳಿವು. ಇಂಥ ಅಧ್ಯಯನಗಳನ್ನು ಒಟ್ಟುಗೂಡಿಸಿ 2001ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿದರು. ಕಾರಣವಿಲ್ಲದೆ ಎಲ್ಲದಕ್ಕೂ ಚಿಂತಿಸುವ ಆತಂಕದ ಕಾಯಿಲೆಯಲ್ಲಿ, ಜನರ ನಡುವಣ ವ್ಯತ್ಯಾಸದ ಸುಮಾರು ಮೂರನೇ ಒಂದು ಪಾಲು ಮಾತ್ರ ವಂಶವಾಹಿಗಳದು. ಉಳಿದದ್ದರಲ್ಲಿ ಬಹುಪಾಲು ಒಬ್ಬೊಬ್ಬರ ಬದುಕಿನ ಅನುಭವಗಳದು.

ಹಾಗಾದರೆ ಆ ವಂಶವಾಹಿ ಯಾವುದು? 1996ರಲ್ಲಿ ಜರ್ಮನಿಯ ಕ್ಲೌಸ್ ಪೀಟರ್ ಲೆಶ್ ಮತ್ತು ಸಂಗಡಿಗರು 505 ಜನರನ್ನು ಪರೀಕ್ಷಿಸಿ ಒಂದನ್ನು ಬೊಟ್ಟುಮಾಡಿದರು. ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಮರಳಿ ಹೀರಿಕೊಳ್ಳುವ ಪ್ರೋಟೀನಿನ ವಂಶವಾಹಿ ಅದು. ಅದರ ಗಿಡ್ಡ ರೂಪ ಪಡೆದವರಲ್ಲಿ ಆತಂಕದ ಸ್ವಭಾವ ತುಸು ಹೆಚ್ಚು ಎಂದರು. ಅವರ ಲೆಕ್ಕದಲ್ಲೇ ಅದರ ಪ್ರಭಾವ ಶೇಕಡಾ 3ರಿಂದ 4 ಮಾತ್ರ. ಆದರೂ ‘ಆತಂಕದ ಜೀನ್ ಸಿಕ್ಕಿತು’ ಎಂಬ ಸುದ್ದಿ ಹಬ್ಬಿತು. ನೂರಾರು ಪ್ರಬಂಧಗಳು ಬಂದವು. ಒಂದು ಹೌದೆಂದರೆ ಇನ್ನೊಂದು ಅಲ್ಲವೆಂದಿತು. 2019ರಲ್ಲಿ ಲಕ್ಷಗಟ್ಟಲೆ ಜನರ ಮಾಹಿತಿಯನ್ನು ಜಾಲಾಡಿದಾಗ, ಆತಂಕದ ಒಡಹುಟ್ಟಾದ ಖಿನ್ನತೆಯಲ್ಲಿ ಇಂಥ ಹೆಸರಾಂತ ಜೀನ್‌ಗಳ ಪಾತ್ರ, ಸುಮ್ಮನೆ ಚೀಟಿ ಎತ್ತಿ ಆರಿಸಿದ ಜೀನ್‌ಗಳಿಗಿಂತ ಹೆಚ್ಚಲ್ಲವೆಂದು ಕಂಡಿತು.

ಈಗ ಹುಡುಕಾಟದ ದಾರಿ ಬೇರೆ. ಒಂದು ಜೀನನ್ನು ಮೊದಲೇ ಆರಿಸಿಕೊಳ್ಳದೆ ಇಡೀ ವಂಶವಾಹಿ ಸಮೂಹವನ್ನೇ ಸೋಸಲಾಗುತ್ತದೆ. 2020ರಲ್ಲಿ ಅಮೆರಿಕದ ಸುಮಾರು 2 ಲಕ್ಷ ಮಾಜಿ ಸೈನಿಕರನ್ನು ಹೀಗೆ ಪರೀಕ್ಷಿಸಿದಾಗ ಖಚಿತವಾಗಿ ಸಿಕ್ಕ ತಾಣಗಳು ಬೆರಳೆಣಿಕೆಯಷ್ಟು. ಪ್ರತಿಯೊಂದರ ಪ್ರಭಾವವೂ ಅತ್ಯಲ್ಪ. ಹನಿಗೂಡಿ ಹಳ್ಳವಾಗುವಂತೆ, ಅಸಂಖ್ಯ ಸಣ್ಣ ವ್ಯತ್ಯಾಸಗಳು ಸೇರಿ ಒಲವನ್ನಷ್ಟೇ ರೂಪಿಸುತ್ತವೆ.

ಆದ್ದರಿಂದ ರಕ್ತ ಪರೀಕ್ಷೆ ಮಾಡಿ ‘ನಿನಗೆ ಆತಂಕದ ಕಾಯಿಲೆ ಬಂದೇ ಬರುತ್ತದೆ’ ಎಂದು ಹೇಳಲಾಗದು. ಅಮ್ಮನಿಗೆ ಇತ್ತೆಂಬ ಕಾರಣಕ್ಕೆ ಮಗಳ ಸಂಬಂಧವನ್ನು ಬೇಡವೆನ್ನುವುದಕ್ಕೂ, ಮಗಳಿಗೆ ಬಂತೆಂದು ಅಮ್ಮನನ್ನು ದೂರುವುದಕ್ಕೂ ವಿಜ್ಞಾನದ ಆಧಾರವಿಲ್ಲ. ಬಳುವಳಿಯಾಗಿ ಬಂದದ್ದು ವಾಸಿಯಾಗದು ಎಂಬುದೂ ತಪ್ಪು. ದೂರದ್ದು ಮಸುಕಾಗಿ ಕಾಣುವ ದೋಷವೂ ಮನೆತನದಲ್ಲಿ ಹರಿದು ಬರುತ್ತದೆ. ಕನ್ನಡಕ ಹಾಕಿದರೆ ಕಾಣುತ್ತದೆ. ಆತಂಕಕ್ಕೂ ಆಪ್ತ ಸಮಾಲೋಚನೆಯಿದೆ, ಔಷಧಿಯಿದೆ. ‘ನಮ್ಮ ವಂಶದ್ದೇ ಹೀಗೆ’ ಎಂದು ಕೈಕಟ್ಟಿ ಕೂರದೆ ವೈದ್ಯರ ಬಳಿ ಹೋಗಬೇಕು, ಅಷ್ಟೆ.