ಟ್ರ್ಯಾಕ್ಟರ್ ಆಯಿಲ್ ಕಾರಿಗೆ ಹಾಕಬಹುದೇನ್ರಿ?

ನಮ್ಮ ಸಂಗೊಳ್ಳಿ ಕಡೆ ಬಹಳ ಮಂದಿ ನನ್ನನ್ನ ಕೇಳೋದು ಇದನ್ನೇ: ‘ಟ್ರ್ಯಾಕ್ಟರ್‌ಗೆ ತಂದ 15ಡಬ್ಲ್ಯು-40 ಆಯಿಲ್ ಉಳಿದೈತಿ, ಕಾರಿಗೆ ಹಾಕಲೇನು?’ ಬ್ಯಾಡ್ರಿ.

ಮೊದಲ ಅಂಕಿ, ಎಂಜಿನ್ ತಣ್ಣಗಿದ್ದಾಗ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು ಹೇಳುತ್ತದೆ. ಎರಡನೆಯದು ಕಾದಾಗ ಎಷ್ಟು ದಪ್ಪ ಉಳಿಯುತ್ತದೆ ಎಂಬುದನ್ನು. ಈಗಿನ ಹಲವು ಪೆಟ್ರೋಲ್ ಕಾರುಗಳಿಗೆ 0ಡಬ್ಲ್ಯು-20ರಂಥ ತೆಳು ಆಯಿಲ್ ಬೇಕು.

ಡಬ್ಬಿ ಮೇಲಿನ ಎಪಿಐ ಗುರುತಿನಲ್ಲಿ ‘ಎಸ್’ ಅಂದ್ರ ಪೆಟ್ರೋಲ್, ‘ಸಿ’ ಅಂದ್ರ ಡೀಸೆಲ್. ಬಿಎಸ್-6 ಡೀಸೆಲ್ ಕಾರಿನಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಇದ್ದರೆ ಕಡಿಮೆ ಬೂದಿಯ ಆಯಿಲ್ಲೇ ಬೇಕು. ಇಲ್ಲವಾದರೆ ಅದು ಬೇಗ ಕಟ್ಟಿಕೊಳ್ಳುತ್ತದೆ. ಬದಲಿಸೋ ಖರ್ಚು ದೊಡ್ಡದು.

ಎರಿ ಹೊಲದ ಧೂಳಿನ ದಾರಿಯಲ್ಲಿ ದಿನಾ ಓಡಿಸೋರು ಆಯಿಲ್ ಸ್ವಲ್ಪ ಬೇಗ ಬದಲಿಸ್ರಿ. ಕಾರಿನ ಮ್ಯಾನುಯಲ್‌ನಾಗ ಆಯಿಲ್ ಪುಟದ ಫೋಟೋ ಇವತ್ತೇ ತೆಗೆದಿಟ್ಕೊಳ್ರಿ. ಅಂಗಡಿಯಾಗ ಅದನ್ನೇ ತೋರಿಸ್ರಿ.